ದೊಡ್ಮನೆಯ ಹೆಗಡೆಯವರು

ಯಾಣದ ಬಂಡೆಗಳನ್ನು ನೋಡಹೋದಾಗಲೆಲ್ಲ ನನಗೆ ನೆರೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯು ನೆನಪಾಗುವದು. ರಾಮಕೃಷ್ಣ ಹೆಗಡೆಯವರು 1926ರಲ್ಲಿ ಜನಿಸಿದುದು ಅಲ್ಲಿಯೇ.

ಮಳೆಗಾಲದಲ್ಲಿ ನಮ್ಮ ಕಾಡುಹಳ್ಳದ ಕಾಲುಸಂಕವು ಕೊಚ್ಚಿಹೋದರೆ ಬೆಂಗಳೂರಿಗೆ ತಿಳಿಯುವದೆಂತು? ಘಟ್ಟದಲ್ಲಿ ಹುಟ್ಟಿದವರಿಗೆ ಈ ಕಷ್ಟವು ಹೊಸತಲ್ಲ. 1983ರಲ್ಲಿ ಮುಖ್ಯಮಂತ್ರಿಗಳಾದ ಹೆಗಡೆಯವರು, ಮಂತ್ರಿ ಅಬ್ದುಲ್ ನಜೀರ್ ಸಾಬರೊಡಗೂಡಿ, ಆ ವರ್ಷವೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯಿದೆಯನ್ನು ರೂಪಿಸಿದರು. 1987ರಲ್ಲಿ ಚುನಾವಣೆಗಳಾದವು. ನೂರಕ್ಕೆ 25 ಸ್ಥಾನಗಳು ಸ್ತ್ರೀಯರಿಗೆ! ಅಡಿಗೆಮನೆಯ ಹೊಗೆಯಲ್ಲಿದ್ದ ಗೃಹಿಣಿಯರು ಸಭೆಗೆ ಬಂದರು. ಕೆಲವೆಡೆ ಗಂಡಂದಿರೇ ಮಾತಾಡಿದರೆಂಬುದೂ ನಿಜವೇ.

1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದು ಅವರು ಪದವಿಯನ್ನು ಬಿಟ್ಟರು. ಆ ಕಲೆಯನ್ನು ನಾನು ಮರೆಮಾಚಲಾರೆ; ಆದರೆ ಅದೊಂದರಿಂದಲೇ ಅವರನ್ನು ಅಳೆಯಲೂ ಒಲ್ಲೆ. 2004ರಲ್ಲಿ ಅವರು ತೀರಿಕೊಂಡರು. ಮಂಡಲವೆಂಬ ಹೆಸರು ಅಳಿದು, 1993ರ ಕಾಯಿದೆಯಿಂದ ಗ್ರಾಮ ಪಂಚಾಯತಿಯಾಯಿತು. ಸಂಕದ ಅರ್ಜಿಯನ್ನು ನಮ್ಮವರು ಈಗಲೂ ಅಲ್ಲಿಗೇ ಒಯ್ಯುವರು.