ತೊಣ್ಣೂರಿಗೆ ಮೆಲ್ಲನೆಯ ಸವಾರಿ

ಪ್ರವಾಸವೆಂದೊಡನೆ ಕಾಶಿಯನ್ನೋ ಕನ್ಯಾಕುಮಾರಿಯನ್ನೋ ನೆನೆಯುವುದು ನಮ್ಮ ಜನರ ವಾಡಿಕೆ. ದೂರದ ಯಾತ್ರೆಯ ಪುಣ್ಯವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಈ ಸಲ ವಾಚಕರ ಮುಂದಿಡುತ್ತಿರುವುದು ಮೈಸೂರಿನಿಂದ ಕೆರೆತೊಣ್ಣೂರಿಗೆ, ಸುಮಾರು 35 ಕಿಲೋಮೀಟರುಗಳ ಒಂದು ಸಣ್ಣ ಪಯಣದ ವೃತ್ತಾಂತ. ಹೋದದ್ದು ಹಳೆಯ ಸ್ಕೂಟರಿನಲ್ಲಿ. ಹೋದವರು ನಾವು ಮತ್ತು ನಮ್ಮ ಮನೆಯವರು. ಗಂಟೆಗೆ 30 ಕಿಲೋಮೀಟರಿಗಿಂತ ಹೆಚ್ಚಿನ ವೇಗಕ್ಕೆ ನಾವು ಎಲ್ಲಿಯೂ ಆಸೆಪಡಲಿಲ್ಲ. ಕಾರಿನವರು ಒಂದು ಗಂಟೆಯಲ್ಲಿ ಮುಟ್ಟುವ ಊರನ್ನು ಮುಟ್ಟಲು ನಮಗೆ ಮಧ್ಯಾಹ್ನವಾಯಿತು.

ಇದರ ಹಿನ್ನೆಲೆಯನ್ನು ಮೊದಲು ಅರಿಕೆ ಮಾಡಬೇಕು. ಐವತ್ತೈದು ದಾಟಿದವರು ವಾಹನ ನಡೆಸುವ ಲೈಸೆನ್ಸನ್ನು ಐದೈದು ವರ್ಷಕ್ಕೊಮ್ಮೆ ಹೊಸದು ಮಾಡಿಸಿಕೊಳ್ಳಬೇಕಷ್ಟೆ. ನಮಗೆ ಅರವತ್ತೇಳು ತುಂಬಿತ್ತು. ಲೈಸೆನ್ಸಿನ ಅವಧಿ ಮುಗಿಯಲು ಎರಡು ತಿಂಗಳು ಉಳಿದಿತ್ತು. ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಮಗನು, "ಅಪ್ಪಾ, ಇನ್ನು ಸಾಕು. ಲೈಸೆನ್ಸ್ ಮಾಡಿಸೋದು ಬೇಡ, ಸ್ಕೂಟರ್ ಮಾರಿಬಿಡಿ. ಮನೆ ಬಾಗಿಲಿಗೇ ಆಟೋ ಬರುತ್ತೆ" ಎಂದನು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಒಂದು ತಿರುವಿನಲ್ಲಿ ಜಾರಿಬಿದ್ದು ಮೊಣಕೈಯನ್ನು ತರಚಿಕೊಂಡಿದ್ದೆವು. ಆದರೂ ನಾವು ಉತ್ತರ ಕೊಡಲಿಲ್ಲ. ನಮ್ಮ ಮನೆಯವರೂ ಏನನ್ನೂ ಹೇಳಲಿಲ್ಲ. ಅವರ ಮೌನವನ್ನು ಮಗನ ಪಕ್ಷಕ್ಕೆ ಸೇರಿಸಿ ಲೆಕ್ಕ ಹಾಕಿಕೊಂಡು, ಎರಡು ವಾರ ಬಿಗುಮಾನದಿಂದಲೇ ಇದ್ದೆವು. ಕೊನೆಗೆ, ಮಾರುವುದಾದರೆ ಮಾರೋಣ, ಅದಕ್ಕೆ ಮುಂಚೆ ಒಮ್ಮೆ ತೊಣ್ಣೂರಿನ ಕೆರೆಯನ್ನು ನೋಡಿಬರೋಣವೆಂದು ನಿಶ್ಚಯವಾಯಿತು.

ಸ್ಕೂಟರೆಂಬುದು ಹುಟ್ಟಿನಿಂದಲೂ ಸಂಸಾರಸ್ಥರ ವಾಹನ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳನ್ನು ತಯಾರಿಸುತ್ತಿದ್ದ ಇಟಲಿಯ ಪಿಯಾಜಿಯೋ ಕಾರ್ಖಾನೆಯು, ಯುದ್ಧ ಮುಗಿದ ಮೇಲೆ, 1946ರಲ್ಲಿ 'ವೆಸ್ಪಾ' ಎಂಬ ಸ್ಕೂಟರನ್ನು ಹೊರತಂದಿತು. ಆ ಮಾತಿಗೆ ಅವರ ಭಾಷೆಯಲ್ಲಿ ಕಣಜದ ಹುಳುವೆಂದು ಅರ್ಥ. ಅದನ್ನು ರೂಪಿಸಿದ ಕೊರಾಡಿನೋ ದಾಸ್ಕಾನಿಯೋ ಎಂಬವರು ವಿಮಾನಗಳ ಎಂಜಿನಿಯರು. ಮೋಟಾರ್ ಸೈಕಲ್ಲೆಂದರೆ ಅವರಿಗೆ ಇಷ್ಟವಿರಲಿಲ್ಲ. ಆದುದರಿಂದಲೇ ಅವರು ಉಡುಪಿಗೆ ಎಣ್ಣೆ ತಗಲದಂತೆ ಎಂಜಿನ್ನನ್ನು ತಗಡಿನ ಹೊದಿಕೆಯೊಳಗೆ ಅಡಗಿಸಿದರು. ಕಾಲಿಡುವುದಕ್ಕೆ ಚಪ್ಪಟೆಯಾದ ಜಾಗವನ್ನು ಬಿಟ್ಟರು. ಗೇರನ್ನು ಎಡಗೈಗೆ ಒಪ್ಪಿಸಿದರು. ಪಂಚೆಗೂ ಸೀರೆಗೂ ಹೇಳಿ ಮಾಡಿಸಿದಂಥ ಈ ವಾಹನವು ನಮ್ಮ ದೇಶದ ಮಧ್ಯಮ ವರ್ಗದವರಿಗೆ ಒಗ್ಗಿದುದರಲ್ಲಿ ಆಶ್ಚರ್ಯವಿಲ್ಲ. 1972ರಲ್ಲಿ ಬಂದ ಬಜಾಜ್ ಚೇತಕ್ಕಿಗಾಗಿ ಜನರು ಹಣ ಕಟ್ಟಿ ವರ್ಷಗಟ್ಟಲೆ ಕಾದಿದ್ದುಂಟು. ನಮ್ಮ ಗಾಡಿಯನ್ನು ಕೊಂಡದ್ದು 1987ರಲ್ಲಿ. ಇಂದು ಮಾರೆಂದ ಮಗನು ಅಂದು ನಮ್ಮ ಮುಂದೆ ನಿಂತು, ಹಾರನ್ನು ಒತ್ತುತ್ತ ಶಾಲೆಗೆ ಹೋಗುತ್ತಿದ್ದವನೇ.

ಮಾಘಮಾಸದ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ ಹೊರಟೆವು. ಒಂದು ಡಬ್ಬಿಯಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಮೊಸರನ್ನ; ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟು. ಬೆಂಗಳೂರು–ಮೈಸೂರು ಹೆದ್ದಾರಿಯು ಹೊಸ ರೂಪದಲ್ಲಿ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡುದು ವಾಚಕರಿಗೆ ತಿಳಿದೇ ಇದೆ. ಅಪಘಾತಗಳು ಹೆಚ್ಚಿದುದರಿಂದ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಿದರು. ನಮ್ಮಂಥವರ ಪಾಲಿಗೆ ಉಳಿದುದು ಪಕ್ಕದ ರಸ್ತೆಗಳೂ ಹಳೆಯ ದಾರಿಗಳೂ. ಮೊದಲು ಇದು ನಮಗೆ ಅವಮಾನವೆಂದೇ ತೋರಿತ್ತು. ಆದರೆ ಪಕ್ಕದ ದಾರಿಯಲ್ಲಿ ಹೋಗುವವನಿಗೆ ದೊಡ್ಡ ಲಾಭವೊಂದುಂಟು. ಅವನು ಎಲ್ಲಿ ಬೇಕೆಂದರಲ್ಲಿ ನಿಲ್ಲಬಹುದು.

ಶ್ರೀರಂಗಪಟ್ಟಣದಲ್ಲಿ ನಾವು ಹಾಗೆ ಎರಡು ಸಲ ನಿಂತೆವು. ಕಾವೇರಿಯ ಉತ್ತರದ ಕವಲಿಗೆ ಪೂರ್ಣಯ್ಯನವರ ದಿವಾನಗಿರಿಯಲ್ಲಿ, 1804ರಲ್ಲಿ, ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯಿದೆ. ಅದರಲ್ಲಿ ಕಮಾನುಗಳಿಲ್ಲ, ದೇವಸ್ಥಾನದ ಮಂಟಪದಂತೆ ಕಲ್ಲುಕಂಬ, ಅದರ ಮೇಲೆ ಕಲ್ಲುತೊಲೆ, ಅದರ ಮೇಲೆ ಚಪ್ಪಡಿ. ಎಷ್ಟೋ ಪ್ರವಾಹಗಳು ಅದರ ಮೇಲೆ ಹಾದುಹೋಗಿವೆ. ಇನ್ನೊಂದು ಸಲ ನಿಂತುದು ಟಿಪ್ಪುವಿನ ಕಾಲದ ಮದ್ದಿನ ಮನೆಯ ಬಳಿ. ರೈಲಿನ ಎರಡನೆಯ ಹಳಿಗೆ ಅಡ್ಡವಾಗಿದ್ದ ಆ ಕಟ್ಟಡವನ್ನು ಒಡೆಯದೆ, ಸಾವಿರ ಟನ್ನಿನಷ್ಟು ತೂಕದ ಅದನ್ನು ಇಡಿಯಾಗಿ ಎತ್ತಿ, 2017ರಲ್ಲಿ ಸುಮಾರು ನೂರು ಮೀಟರು ಆಚೆಗೆ ಸರಿಸಿದರು. ವೇಗಕ್ಕೆ ದಾರಿ ಬಿಡುವುದಕ್ಕಾಗಿ ಮಾಡಿದ ಕೆಲಸವೇ ಆದರೂ, ಮಾಡಿದುದು ಮಾತ್ರ ಅತ್ಯಂತ ನಿಧಾನವಾಗಿ. ರೈಲಿನಲ್ಲಿ ಹತ್ತಾರು ಸಲ ಆ ಮಾರ್ಗವಾಗಿ ಹೋಗಿದ್ದರೂ ನಾವು ಅದನ್ನು ಕಣ್ಣಿಟ್ಟು ನೋಡಿದುದು ಅಂದೇ.

ಹೊಳೆಯನ್ನು ದಾಟಿ ಪಾಂಡವಪುರದ ದಾರಿಯನ್ನು ಹಿಡಿದೆವು. ಹಿಂದೆ ಹಿರೋಡೆಯೆನ್ನಿಸಿಕೊಂಡಿದ್ದ ಈ ಊರಿಗೆ, ಹೈದರ್, ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದರಿಂದ 'ಫ್ರೆಂಚ್ ರಾಕ್ಸ್' ಎಂಬ ಹೆಸರೂ ಇತ್ತು. ಕನ್ನಂಬಾಡಿಯ ನೀರನ್ನು ತರುವ ವಿಶ್ವೇಶ್ವರಯ್ಯ ನಾಲೆಯ ಸೀಮೆಯಿದು. ಎತ್ತ ನೋಡಿದರೂ ಕಬ್ಬು. ಇಬ್ಬನಿ ಆರುತ್ತಿತ್ತು. ಕುಂತಿಬೆಟ್ಟದ ಬಂಡೆಗಳು ದೂರದಲ್ಲಿ ಕಾಣತೊಡಗಿದ್ದವು. ಅಷ್ಟರಲ್ಲಿ ನಮ್ಮ ಸ್ಕೂಟರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ತಪ್ಪು ಗಾಡಿಯದಲ್ಲ. ಇಂಥ ಹಳೆಯ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಎಣ್ಣೆಯನ್ನು ಬೆರೆಸಬೇಕು. ನಮ್ಮದಕ್ಕೆ ಲೀಟರಿಗೆ 20 ಮಿಲಿಲೀಟರು ಸಾಕು. ದೂರದ ದಾರಿಯೆಂದು ಅಂದು ನಾವೇ ಒಂದಿಷ್ಟು ಹೆಚ್ಚಾಗಿ ಸುರಿದಿದ್ದೆವು. ಎಣ್ಣೆ ಹೆಚ್ಚಾದರೆ ಅದು ಪೂರ್ತಿ ಉರಿಯದೆ ಪ್ಲಗ್ಗಿನ ಮೂತಿಗೆ ಮಸಿ ಕಟ್ಟುತ್ತದೆ, ಕಿಡಿ ಹಾರುವುದಿಲ್ಲ. ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿದರೆ ಸರಿಹೋಗುತ್ತದೆ. ಆದರೆ ಪ್ಲಗ್ಗು ಸುಡುತ್ತಿರುವಾಗ ಕೈಯಿಡುವಂತಿಲ್ಲ; ಅದು ಆರುವ ತನಕ ಕಾಯಲೇಬೇಕು.

ಅಲ್ಲಿಯೇ ತೋಟದ ಅಂಚಿನಲ್ಲಿ ಒಂದು ಆಲೆಮನೆಯಿತ್ತು. ಅದರ ಯಜಮಾನನು ನಮ್ಮನ್ನು ನೋಡಿ, "ಬನ್ನಿ ಸ್ವಾಮಿ, ನೆಳ್ಳಲ್ಲಿ ಕುಂತ್ಕಳಿ. ಬಾವ್ವ" ಎಂದು ಕರೆದು, ಇಬ್ಬರಿಗೂ ಕಬ್ಬಿನ ಹಾಲನ್ನು ಕೊಟ್ಟನು. ಒಳಗೆ ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಉಣಿಸುತ್ತಿದ್ದರು. ಸುಣ್ಣದ ತಿಳಿಯನ್ನು ಹಾಕಿ, ಮೇಲೆ ಬಂದ ಕೊಳೆನೊರೆಯನ್ನು ತೆಗೆದು, ಪಾಕವನ್ನು ನೀರಿನಲ್ಲಿ ಬಿಟ್ಟು ಹದ ನೋಡಿ, ಅಚ್ಚಿಗೆ ಹೊಯ್ಯುವ ತನಕ ಒಬ್ಬನು ಕಣ್ಣು ತೆಗೆಯದೆ ನಿಂತಿರಬೇಕು. ಉರಿಯನ್ನು ಜೋರು ಮಾಡಿದರೆ ಬೇಗ ಆಗುವುದಿಲ್ಲವೇ ಎಂದು ನಾವು ಕೇಳಿದೆವು. ಅವನು ನಕ್ಕು, "ಆತುರ ಬಿದ್ರೆ ಬೆಲ್ಲ ಆಯ್ತದಾ ಸ್ವಾಮಿ? ತಳ ಹೊತ್ತೋಯ್ತದೆ" ಎಂದನು. ಪ್ಲಗ್ಗು ಆರಿತ್ತು, ಉಜ್ಜಿ ಹಾಕಿದೆವು. ಸ್ಕೂಟರನ್ನು ಒಂದು ಕಡೆಗೆ ವಾಲಿಸಿ ನೆಟ್ಟಗೆ ಮಾಡಿ ಒದೆದಾಗ, ಮೂರನೆಯ ಒದೆಗೆ ಹೊಗೆಯುಗುಳಿ ಎದ್ದಿತು. ಅವನು ಹಣವನ್ನು ಮುಟ್ಟಲಿಲ್ಲ. ಎರಡು ಅಚ್ಚು ಬೆಲ್ಲವನ್ನು ಮಾತ್ರ ನಾವು ಹಟಮಾಡಿ ಕೊಂಡುಕೊಂಡೆವು.

ಸ್ಕೂಟರಿನಲ್ಲಿ ಮಾತನಾಡುವವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಮನೆಯಲ್ಲಿ ಎದುರುಬದುರು ಕುಳಿತು ಹೇಳಲಾರದುದನ್ನು ಅಲ್ಲಿ ಹೇಳಬಹುದು. ಆಲೆಮನೆಯನ್ನು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ನಮ್ಮ ಮನೆಯವರು, "ಏನೂಂದ್ರೆ, ಗಾಡಿ ಮಾರೋ ವಿಷಯ ನೀವಿಬ್ಬರೇ ತೀರ್ಮಾನ ಮಾಡಿಬಿಟ್ಟಿರಾ?" ಎಂದು ಕೇಳಿದರು.

"ನೀನೂ ಅವನ ಕಡೆಗೇ ಅಲ್ಲವೇ?" ಎಂದೆವು.

"ನನ್ನನ್ನ ಯಾರು ಕೇಳಿದ್ರಿ?" ಎಂದರು. ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದು ಮಾತ್ರ. ಬಳಿಕ ಹೇಳಿದರು: "ನೀವು ಬಿದ್ದ ದಿನದಿಂದ, ನೀವೊಬ್ಬರೇ ಹೋದಾಗ ಗೇಟಿನ ಸದ್ದಾಗೋ ತನಕ ನನ್ನ ಜೀವ ನಿಲ್ಲೋದಿಲ್ಲ. ಆದರೆ ಹೀಗೆ ಜೊತೆಗೆ ಬರುವಾಗ ನಂಗೆ ಭಯ ಇಲ್ಲ. ವಾರಕ್ಕೊಂದು ದಿನ ಅಡಿಗೆಮನೆ ಬಿಟ್ಟು ನಾನು ಆಕಾಶ ನೋಡೋದು ಈ ಸೀಟಿನ ಮೇಲೆ ಕೂತಾಗಲೇ."

ನಾವು ಎರಡು ವಾರ ನಮ್ಮ ಅಭಿಮಾನವನ್ನು ಕಾಯುತ್ತಿದ್ದೆವು. ಅವರು ಎಷ್ಟು ತಿಂಗಳಿಂದ ಗೇಟಿನ ಸದ್ದನ್ನು ಕಾಯುತ್ತಿದ್ದರೋ ನಮಗೆ ತಿಳಿದಿರಲಿಲ್ಲ. ಉತ್ತರ ತೋಚದೆ, ಗೇರನ್ನು ಒಂದು ಇಳಿಸಿದೆವು.

ತೊಣ್ಣೂರನ್ನು ಮುಟ್ಟಿದಾಗ ಮಧ್ಯಾಹ್ನ. ವಿಷ್ಣುವರ್ಧನನ ಕಾಲದಲ್ಲಿ ಶ್ರೀರಾಮಾನುಜಾಚಾರ್ಯರು ತಂಗಿದ್ದ ಊರಿದು. ನಂಬಿನಾರಾಯಣನ ಹಳೆಯ ಗುಡಿ ಇಲ್ಲಿದೆ. ಬೆಟ್ಟಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಕೆರೆಗೆ ಆಚಾರ್ಯರು ತಿರುಮಲಸಾಗರವೆಂದು ಹೆಸರಿಟ್ಟರೆಂದು ಪ್ರತೀತಿ. ಹದಿನೆಂಟನೆಯ ಶತಮಾನದಲ್ಲಿ ಇದರ ತಿಳಿನೀರನ್ನು ಕಂಡ ದಖನ್ನಿನ ನಾಸಿರ್ ಜಂಗನು 'ಮೋತಿ ತಲಾಬ್', ಎಂದರೆ ಮುತ್ತಿನ ಕೆರೆಯೆಂದು ಕರೆದನಂತೆ. ಏರಿಯ ಮೇಲಿನ ನೆರಳಿನಲ್ಲಿ ಡಬ್ಬಿಗಳನ್ನು ಬಿಚ್ಚಿದೆವು. ದಡದ ನೀರಿನಲ್ಲಿ ತಳದ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು. ಕಲಕದಿದ್ದ ನೀರು ತಾನಾಗಿಯೇ ತಿಳಿಯಾಗಿತ್ತು.

ಊಟವಾದ ಮೇಲೆ ಮೊಸರನ್ನದ ಡಬ್ಬಿಯನ್ನು ತೊಳೆಯುತ್ತ ಮನೆಯವರೇ ಕರಾರುಗಳನ್ನು ಹೇಳಿದರು. ಹೆದ್ದಾರಿ ಬೇಡ, ಮಳೆಯಲ್ಲಿ ಬೇಡ, ಕತ್ತಲಾದ ಮೇಲೆ ಬೇಡ, ಊರು ಬಿಟ್ಟು ಒಬ್ಬರೇ ಹೋಗುವುದು ಬೇಡ. "ನನಗೆ ಭಯವಾಯ್ತು ಅಂತ ಯಾವತ್ತು ಹೇಳ್ತೀನೋ, ಅವತ್ತು ಎರಡನೇ ಮಾತಿಲ್ಲದೆ ಮಾರಿಬಿಡಬೇಕು" ಎಂಬುದು ಕೊನೆಯದು. ಎಲ್ಲವನ್ನೂ ಒಪ್ಪಿದೆವು. ಬಿಸಿಲು ಇಳಿಯುವ ಮುನ್ನ ಹೊರಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಮಗನಿಗೆ ಫೋನು ಮಾಡಿ ವಿಷಯವನ್ನು ತಿಳಿಸಿದವರು ಅವರೇ. ಅವನು ಆ ಕಡೆಯಿಂದ ಏನೆಂದನೋ ನಮಗೆ ಕೇಳಿಸಲಿಲ್ಲ. ಇವರು, "ಇಲ್ಲಪ್ಪ, ನಾನೂ ಜೊತೆಗಿರ್ತೀನಲ್ಲ" ಎಂದುದು ಕೇಳಿಸಿತು.

ಮರುವಾರ ವೈದ್ಯರು ನಮ್ಮ ಕಣ್ಣನ್ನು ಪರೀಕ್ಷಿಸಿ ಪ್ರಮಾಣಪತ್ರವನ್ನು ಕೊಟ್ಟರು, ಲೈಸೆನ್ಸೂ ಬಂದಿತು. ಮನಸ್ಸಿಗೆ ವಿಶ್ರಾಂತಿ ಬೇಕೆಂದು ಜನರು ದೂರ ದೂರ ಹೋಗುತ್ತಾರೆ. ನಮಗೆ ಅದು ಮೂವತ್ತೈದು ಕಿಲೋಮೀಟರಿನಲ್ಲಿ, ಬೆನ್ನ ಹಿಂದೆಯೇ ದೊರೆಯಿತು. ವಾಚಕರಲ್ಲಿ ಯಾರ ಮನೆಯ ಮೂಲೆಯಲ್ಲಾದರೂ ಇಂಥ ಹಳೆಯ ಸ್ಕೂಟರಿದ್ದರೆ, ಅದನ್ನು ಮಾರುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ಅವರವರೇ ನಿರ್ಧರಿಸಲಿ. ನಿರ್ಧರಿಸುವ ಮುನ್ನ ಹಿಂದಿನ ಸೀಟಿನವರನ್ನು ಒಂದು ಮಾತು ಕೇಳಲಿ ಎಂಬುದಷ್ಟೇ ನಮ್ಮ ಬಿನ್ನಹ.