ಹೆಂಡಿ, ಬೀಮರ್ ಮತ್ತು ಅಪ್ಪನ ಬ್ಯಾರನ್

ಆರನೇ ಸೆಮ್‌ನಲ್ಲಿ ಎಂ.ಎಸ್. ಕನಸು ಕಟ್ಕೊಂಡು ಜರ್ಮನ್ ಕ್ಲಾಸಿಗೆ ಸೇರಿದೆ. ಮೊದಲ ವಾರವೇ ಒಂದು ವಿಷಯ ಗೊತ್ತಾಯ್ತು. ಜರ್ಮನಿಯಲ್ಲಿ ಮೊಬೈಲಿಗೆ ‘ಹ್ಯಾಂಡಿ’ ಅಂತಾರೆ. ಪದ ಇಂಗ್ಲಿಷಿನದು, ಆದರೆ ಇಂಗ್ಲಿಷಿನವರು ಆ ಅರ್ಥದಲ್ಲಿ ಬಳಸಲ್ಲ. ‘ಆ್ಯ’ ಸ್ವರ ಜರ್ಮನ್ನಿನಲ್ಲಿ ಇಲ್ಲ, ಹಾಗಾಗಿ ಹತ್ತಿರದ ‘ಎ’ ಹಾಕಿ ‘ಹೆಂಡಿ’ ಅಂತಾರೆ. ರೂಮಲ್ಲಿ ‘ಮೈನ್ ಹೆಂಡಿ, ಮೈನ್ ಹೆಂಡಿ’ ಅಂತ ಪ್ರಾಕ್ಟೀಸ್ ಮಾಡ್ತಿದ್ರೆ ವಿಜಯಪುರದ ರೂಮ್‌ಮೇಟ್ ಬಿದ್ದೂ ಬಿದ್ದೂ ನಕ್ಕ. ಅವರ ಕಡೆ ಹೆಂಡಿ ಅಂದ್ರೆ ಸಗಣಿ!

ಪ್ರೊಜೆಕ್ಟರಿಗೆ ‘ಬೀಮರ್’. ಚಾಟ್ ಮಾಡೋದಕ್ಕೆ ‘ಚೆಟನ್’, ಚಾಟ್ ಮಾಡ್ದೆ ಅನ್ನೋಕೆ ಮುಂದೆ ‘ಗೆ’ ಅಂಟಿಸಿ ‘ಗೆಚೆಟೆಟ್’. ಟೀಚರ್ ಇದನ್ನೆಲ್ಲ ವ್ಯಾಕರಣ ಅಂತ ಬೋರ್ಡ್ ಮೇಲೆ ಬರೆದರು. ಯಾರೂ ನಗಲಿಲ್ಲ, ಎಲ್ಲರೂ ನೋಟ್ಸ್ ಮಾಡ್ಕೊಂಡರು.

ನಂಗೆ ಫಸ್ಟ್ ಇಯರ್ ನೆನಪಾಯ್ತು. ನಮ್ಮೂರು ಹುಣಸೂರಿನ ಹತ್ರ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹಾಗೇ ನಮ್ಮಲ್ಲೂ ಹೊಗೆಸೊಪ್ಪು ಬೆಳೀತಾರೆ. ಅದನ್ನು ಬೇಯಿಸೋ ಮನೆಗೆ ಎಲ್ಲರೂ ಅನ್ನೋದು ‘ಬ್ಯಾರನ್’. ಕ್ಲಾಸಲ್ಲಿ ಪರಿಚಯ ಹೇಳುವಾಗ ಹಾಗೇ ಅಂದೆ. ಯಾರೋ ‘ಬಾರ್ನ್ ಕಣೋ’ ಅಂತ ತಿದ್ದಿದ, ಇಡೀ ಕ್ಲಾಸು ನಕ್ಕಿತು.

ಆ ವಾರ ಊರಿಗೆ ಹೋದವನು ಅಪ್ಪನ್ನ ತಿದ್ದಿದೆ. ‘ಅದು ಬ್ಯಾರನ್ ಅಲ್ಲ ಕಣಪ್ಪ, ಬಾರ್ನ್.’ ರಾತ್ರಿಯಿಡೀ ಒಲೆಗೆ ಸೌದೆ ಹಾಕಿ ನಿದ್ದೆಗೆಟ್ಟಿದ್ದ ಅಪ್ಪ ‘ಹೂಂ’ ಅಂದ್ರು, ಅಷ್ಟೇ. ಅವತ್ತಿಂದ ನನ್ನ ಮುಂದೆ ಆ ಪದ ಆಡಲಿಲ್ಲ. ‘ಸೊಪ್ಪಿನ ಮನೆ’ ಅನ್ನೋಕೆ ಶುರು ಮಾಡಿದ್ರು.

ಈಗ ಅರ್ಥ ಆಗ್ತಿದೆ. ಪದದ ಕೊನೆಯಲ್ಲಿ ‘ರ್ನ್’ ಅಂತ ಎರಡು ವ್ಯಂಜನ ಒಟ್ಟಿಗೆ ಬಂದ್ರೆ ನಮ್ಮ ನಾಲಿಗೆ ನಡುವೆ ಒಂದು ಸ್ವರ ಸೇರಿಸುತ್ತೆ. ಬಸ್ ನಮ್ಮಲ್ಲಿ ಬಸ್ಸು, ಕಾರ್ ಕಾರು ಆಗಿದ್ದೂ ಸ್ವರ ಸೇರಿಸಿಯೇ. ಜರ್ಮನ್ನರು ತಮ್ಮ ನಾಲಿಗೆಗೆ ತಕ್ಕಂತೆ ಬಗ್ಗಿಸಿಕೊಂಡಿದ್ದನ್ನ ನಾನು ದುಡ್ಡು ಕೊಟ್ಟು ಕಲೀತಿದ್ದೀನಿ. ಅಪ್ಪ ಮಾಡಿದ್ದೂ ಅದೇ ಕೆಲಸ, ಅದನ್ನ ತಪ್ಪು ಅಂದೆ.

ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಕಲಿತು 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ನಾನು ಒಂದು ಪದ ವಾಪಸ್ ಕೊಡಬೇಕಿತ್ತು. ಮೊನ್ನೆ ರಾತ್ರಿ ಫೋನ್ ಮಾಡಿದೆ.

‘ಅಪ್ಪಾ, ಬ್ಯಾರನ್‌ಗೆ ಸೊಪ್ಪು ಏರ್ಸಾಯ್ತಾ?’

ಒಂದು ಕ್ಷಣ ಆ ಕಡೆ ಸದ್ದಿಲ್ಲ. ಆಮೇಲೆ ಅಂದ್ರು, ‘ನಾಳೆ ಏರಿಸ್ತೀವಿ ಕಣ್ ಮಗಾ. ಬ್ಯಾರನ್ ರಿಪೇರಿ ಇವತ್ತು ಮುಗೀತು.’