ಗಿರಣಿಯ ಸದ್ದು ನಿಂತ ಮೇಲೆ

ನೀವು ದಾವಣಗೆರೆಗೆ ಬಂದರೆ ಬೆಣ್ಣೆ ದೋಸೆ ತಿನ್ನಿಸದೆ ಯಾರೂ ಕಳಿಸುವುದಿಲ್ಲ. ತಿಂದಾದ ಮೇಲೆ ಶಾಮನೂರಿನ ಕಡೆಗೂ ಒಮ್ಮೆ ಬನ್ನಿ. ಹಿಂದೆ ಊರಾಚೆಯ ಹಳ್ಳಿಯಾಗಿದ್ದ ಶಾಮನೂರು ಈಗ ನಗರದೊಳಗೇ ಸೇರಿಕೊಂಡಿದೆ. ಎತ್ತ ನೋಡಿದರೂ ಹೊಸ ಬಡಾವಣೆ, ಹೊಸ ಮನೆ. ಲೆಕ್ಕವೂ ಅದನ್ನೇ ಹೇಳುತ್ತದೆ. 2001ರ ಜನಗಣತಿಯಲ್ಲಿ ಸುಮಾರು 3.6 ಲಕ್ಷವಿದ್ದ ದಾವಣಗೆರೆಯ ಜನಸಂಖ್ಯೆ 2011ರಲ್ಲಿ 4.3 ಲಕ್ಷ ದಾಟಿತ್ತು.

ಆದರೆ ಒಟ್ಟು ಲೆಕ್ಕದಲ್ಲಿ ಕಾಣದ ಸಂಗತಿಯೊಂದಿದೆ. ಊರು ಒಂದು ಕಡೆ ಬೆಳೆಯುತ್ತಿರುವಾಗಲೇ ಇನ್ನೊಂದು ಕಡೆ ಕುಗ್ಗಬಹುದು. 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿದ್ದ ಇದೇ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹದಿನಾಲ್ಕು ಕಿ.ಮೀ. ದೂರದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅದರ ನೌಕರರ ಬಡಾವಣೆಯ ಹೆಸರೇ ಯಂತ್ರಪುರ. ಆ ಕಾರ್ಖಾನೆಯೂ 2000ದ ಆಸುಪಾಸಿನಲ್ಲಿ ಬಾಗಿಲು ಹಾಕಿತು.

ಕೆಲಸ ಹೋದಾಗ ದುಡಿಯುವ ವಯಸ್ಸಿನವರು ಬೇರೆ ಊರು ಹುಡುಕುತ್ತಾರೆ. ಉಳಿಯುವವರು ಯಾರು? ವಯಸ್ಸಾದ ಅತ್ತೆ-ಮಾವ, ಅವರನ್ನು ನೋಡಿಕೊಳ್ಳುವ ಸೊಸೆ, ಓದುವ ಮಕ್ಕಳು. ಗಿರಾಕಿ ಇಲ್ಲವೆಂದು ಅಂಗಡಿ ಮುಚ್ಚುತ್ತದೆ, ಪ್ರಯಾಣಿಕರಿಲ್ಲವೆಂದು ಬಸ್ ನಿಲ್ಲುತ್ತದೆ, ಮಕ್ಕಳು ಕಡಿಮೆಯೆಂದು ಶಾಲೆ ದೂರವಾಗುತ್ತದೆ. ಇದರ ಭಾರವೆಲ್ಲ ಮನೆಯ ಹೆಣ್ಣುಮಕ್ಕಳ ತಲೆಯ ಮೇಲೆ.

ಜಪಾನಿನ ಯೂಬಾರಿ ಎಂಬ ಕಲ್ಲಿದ್ದಲು ಪಟ್ಟಣದ ಕಥೆ ಕೇಳಿ. 1960ರಲ್ಲಿ ಅಲ್ಲಿ ಲಕ್ಷಕ್ಕೂ ಹೆಚ್ಚು ಜನರಿದ್ದರು. ಗಣಿಗಳು ಮುಚ್ಚಿದವು. ಇಂದು ಹತ್ತು ಸಾವಿರ ಜನರೂ ಇಲ್ಲ. ಆಡಳಿತ ಪ್ರವಾಸಿಗರನ್ನು ಸೆಳೆಯಲು ಸಾಲ ಮಾಡಿ ಖರ್ಚು ಮಾಡಿತು. 2007ರಲ್ಲಿ ನಗರವೇ ದಿವಾಳಿಯಾಯಿತು. ಬಳಿಕ ಶಾಲೆಗಳನ್ನು ಒಂದುಗೂಡಿಸಿ, ಚದುರಿದ ಮನೆಗಳವರನ್ನು ಪಟ್ಟಣದ ನಡುವಿಗೆ ಕರೆತರುವ ಯೋಜನೆ ಬಂತು. ಕುಗ್ಗಿದ್ದನ್ನು ಮೊದಲೇ ಒಪ್ಪಿಕೊಂಡಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲ.

ದಾವಣಗೆರೆ ಅಷ್ಟು ಸೊರಗಲಿಲ್ಲ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಮತ್ತು ಇತರ ವಿದ್ಯಾಸಂಸ್ಥೆಗಳು ಊರಿಗೆ ಹೊಸ ದುಡಿಮೆ ತಂದವು. ಆದರೆ ಕಾಲೇಜಿನ ಕೆಲಸ ಗಿರಣಿ ಕಾರ್ಮಿಕನ ಕೈಗೆ ತಾನಾಗಿ ಸಿಗುವುದಿಲ್ಲ.

ಆದ್ದರಿಂದ ನಗರ ಯೋಜನೆಯೆಂದರೆ ಹೊಸ ಸೈಟು, ಅಗಲ ರಸ್ತೆ ಮಾತ್ರವಲ್ಲ. ಉಳಿದವರ ಬೀದಿಗೆ ದೀಪ, ನೀರು, ಬಸ್ಸು, ಹತ್ತಿರದ ಆಸ್ಪತ್ರೆ ತಪ್ಪದಂತೆ ನೋಡಿಕೊಳ್ಳುವುದೂ ಯೋಜನೆಯೇ. ಮುಂದಿನ ಸಲ ಮತ ಕೇಳಲು ಬಂದವರನ್ನು ನೀವೇ ಕೇಳಿ ನೋಡಿ: "ಹೊಸ ಬಡಾವಣೆ ಸರಿ, ನಮ್ಮ ಹಳೆಯ ಬೀದಿಗೆ ಏನು ಮಾಡುತ್ತೀರಿ?"